ಸೊಳ್ಳೆಗಳಲ್ಲಿ ಕೀಟನಾಶಕ ನಿರೋಧಕತೆ ಮತ್ತು ಜೈವಿಕ ಲಾರ್ವಾನಾಶಕಗಳ ಬಳಕೆ

'ಹೊಗೆ ಹಾಕಿಸಿದರೂ ಸೊಳ್ಳೆ ಕಡಿಮೆಯಾಗಲಿಲ್ಲ, ಔಷಧಿಯೇ ಕಲಬೆರಕೆ ಇರಬೇಕು' ಎಂಬ ದೂರು ಗ್ರಾಮಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಔಷಧಿ ಕಲಬೆರಕೆಯಾಗಿರುವ ಸಾಧ್ಯತೆ ಇಲ್ಲದಿಲ್ಲ. ಆದರೆ ಔಷಧಿ ಶುದ್ಧವಾಗಿದ್ದೂ ಸೊಳ್ಳೆ ಸಾಯದಿರುವುದಕ್ಕೆ ಇನ್ನೊಂದು ಕಾರಣವಿದೆ. ಅದೇ ಕೀಟನಾಶಕ ನಿರೋಧಕತೆ. ಇದು ಆರೋಗ್ಯ ಇಲಾಖೆಗಷ್ಟೇ ಸಂಬಂಧಿಸಿದ ವಿಷಯವೆಂದು ರೈತರು ಭಾವಿಸಬಾರದು. ಗದ್ದೆ, ನಾಲೆ, ಕೃಷಿ ಹೊಂಡ, ದನದ ಬಾನಿ ಇವೆಲ್ಲವೂ ಸೊಳ್ಳೆಗಳು ಮೊಟ್ಟೆಯಿಡುವ ತಾಣಗಳು. ಬೆಳೆಗೆ ಸಿಂಪಡಿಸಿದ ಔಷಧಿಯ ಒಂದು ಪಾಲು ಸೇರುವುದೂ ಇದೇ ನೀರಿಗೆ.

ನಿರೋಧಕತೆ ಉಂಟಾಗುವ ಬಗೆ

ಕಡಿಮೆ ಪ್ರಮಾಣದ ಔಷಧಿಗೆ ಸೊಳ್ಳೆ ಕ್ರಮೇಣ 'ಒಗ್ಗಿಕೊಳ್ಳುತ್ತದೆ' ಎಂಬುದು ಜನಜನಿತ ನಂಬಿಕೆ. ಇದು ಸರಿಯಲ್ಲ. ಒಂದು ಸೊಳ್ಳೆ ತನ್ನ ಜೀವಿತಾವಧಿಯಲ್ಲಿ ನಿರೋಧಕತೆಯನ್ನು ಕಲಿಯುವುದಿಲ್ಲ. ಉದಾಹರಣೆಗೆ ಹತ್ತು ಸಾವಿರ ಸೊಳ್ಳೆಗಳಲ್ಲಿ ಹತ್ತು ಮಾತ್ರ ಹುಟ್ಟಿನಿಂದಲೇ ಔಷಧಿಯನ್ನು ತಾಳಿಕೊಳ್ಳುವ ಗುಣ ಹೊಂದಿವೆ ಎಂದು ಭಾವಿಸಿ. ಸಿಂಪಡಣೆಯಿಂದ ಉಳಿದವು ಸಾಯುತ್ತವೆ, ಈ ಹತ್ತು ಬದುಕಿ ಸಂತಾನ ಬೆಳೆಸುತ್ತವೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಪ್ರೌಢ ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಸಾಕು. ಅದೇ ಔಷಧಿಯನ್ನು ಪದೇ ಪದೇ ಬಳಸಿದಲ್ಲಿ, ತಾಳಿಕೊಳ್ಳುವ ತಳಿಯೇ ಕೆಲವು ಹಂಗಾಮುಗಳಲ್ಲಿ ಬಹುಸಂಖ್ಯಾತವಾಗುತ್ತದೆ. ನಾವೇ ಅರಿಯದೆ ಮಾಡಿದ ತಳಿ ಆಯ್ಕೆ ಇದು.

ತಾಳಿಕೊಳ್ಳುವ ಗುಣ ಹಲವು ರೂಪಗಳಲ್ಲಿರುತ್ತದೆ. ಕೆಲವು ಸೊಳ್ಳೆಗಳ ದೇಹದಲ್ಲಿ ವಿಷವನ್ನು ಒಡೆಯುವ ಕಿಣ್ವಗಳು ಹೆಚ್ಚಾಗಿ ಉತ್ಪತ್ತಿಯಾಗುತ್ತವೆ. ಇನ್ನು ಕೆಲವುಗಳಲ್ಲಿ ವಿಷವು ತಗಲಬೇಕಾದ ನರಕೋಶದ ಭಾಗವೇ ಬದಲಾಗಿರುತ್ತದೆ. ಈ ಎರಡನೆಯ ಬಗೆ ಹೆಚ್ಚು ತೊಂದರೆದಾಯಕ. ಡಿಡಿಟಿ ಹಾಗೂ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ನರದ ಒಂದೇ ಭಾಗದ ಮೇಲೆ ಕೆಲಸ ಮಾಡುವುದರಿಂದ, ಡಿಡಿಟಿಗೆ ಹೀಗೆ ನಿರೋಧಕತೆ ಪಡೆದ ಸೊಳ್ಳೆ ಪೈರೆಥ್ರಾಯ್ಡ್‌ಗಳನ್ನೂ ತಾಳಿಕೊಳ್ಳಬಲ್ಲದು. ಚರ್ಮ ದಪ್ಪಗಾಗುವುದು, ಔಷಧಿ ಬಳಿದ ಗೋಡೆಯ ಮೇಲೆ ಕೂರದೆ ಹೊರಗೆ ಹಾರುವುದು ಮುಂತಾದ ಬಗೆಗಳೂ ಉಂಟು.

ನಮ್ಮ ದೇಶದ ಅನುಭವ ಎಚ್ಚರಿಕೆಯ ಪಾಠವಾಗಿದೆ. ಸ್ವಾತಂತ್ರ್ಯದ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದು ಅಂದಾಜಿಸಲಾಗಿತ್ತು. 1953ರಲ್ಲಿ ಆರಂಭವಾಗಿ 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮವಾಗಿ ಮಾರ್ಪಟ್ಟ ಡಿಡಿಟಿ ಆಧಾರಿತ ಯೋಜನೆಯಿಂದ 1965ರ ವೇಳೆಗೆ ಈ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷವನ್ನು ಮೀರಿತು. ಔಷಧಿಯ ಕೊರತೆ, ನಿಗಾ ಸಡಿಲವಾದದ್ದು ಇತ್ಯಾದಿ ಹಲವು ಕಾರಣಗಳು ಇದರಲ್ಲಿ ಸೇರಿದ್ದವು. ಗ್ರಾಮೀಣ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಯು 1950ರ ದಶಕದ ಅಂತ್ಯದಿಂದಲೇ ಡಿಡಿಟಿಯನ್ನು ತಾಳಿಕೊಳ್ಳತೊಡಗಿದ್ದು ಅವುಗಳಲ್ಲಿ ಮುಖ್ಯವಾದುದು. ಅನಂತರ ಬಳಕೆಗೆ ಬಂದ ಮೆಲಾಥಿಯಾನ್ ಕೂಡ ಕೆಲವೇ ವರ್ಷಗಳಲ್ಲಿ ಕೆಲವೆಡೆ ಬಲ ಕಳೆದುಕೊಂಡಿತು.

ಬೆಳೆ ಸಿಂಪಡಣೆಗೂ ಸೊಳ್ಳೆಗೂ ಇರುವ ನಂಟು

ಮಧ್ಯ ಅಮೆರಿಕದ ಹತ್ತಿ ಪ್ರದೇಶಗಳಲ್ಲಿ ಈ ನಂಟು ಅತ್ಯಂತ ಸ್ಪಷ್ಟವಾಗಿ ಕಂಡುಬಂದಿದೆ. ಎಲ್ ಸಾಲ್ವಡಾರ್ ದೇಶದಲ್ಲಿ ಹತ್ತಿಗೆ ಭಾರೀ ಪ್ರಮಾಣದಲ್ಲಿ ಸಿಂಪಡಣೆ ನಡೆಯುತ್ತಿದ್ದ ಭಾಗಗಳಲ್ಲಿಯೇ ಮಲೇರಿಯಾ ಸೊಳ್ಳೆಯ ನಿರೋಧಕತೆ ಅತಿ ಹೆಚ್ಚಾಗಿತ್ತು. ಹತ್ತಿಯ ಹಂಗಾಮಿನಲ್ಲಿ ಅದು ಏರಿ, ಸಿಂಪಡಣೆ ನಿಂತ ಬಳಿಕ ತುಸು ಇಳಿಯುತ್ತಿತ್ತು. ಆರೋಗ್ಯ ಇಲಾಖೆ ಒಂದು ಹನಿ ಬಳಸುವ ಮೊದಲೇ ಸೊಳ್ಳೆಯ ಮರಿಗಳು ಹೊಲದ ನೀರಿನಲ್ಲಿ ಆ ಔಷಧಿಗಳಿಗೆ ಒಡ್ಡಿಕೊಂಡಿರುತ್ತಿದ್ದವು.

ಭಾರತದಲ್ಲಿ ಡಿಡಿಟಿಯ ಕೃಷಿ ಬಳಕೆಯನ್ನು 1989ರಲ್ಲಿ ನಿಲ್ಲಿಸಲಾಯಿತು. ಆದರೆ ಇಂದು ಹತ್ತಿ, ತೊಗರಿ, ತರಕಾರಿಗಳಿಗೆ ಬಳಸುವ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಡೆಲ್ಟಾಮೆಥ್ರಿನ್‌ಗಳು ಪೈರೆಥ್ರಾಯ್ಡ್ ಗುಂಪಿಗೇ ಸೇರಿವೆ. ಮನೆಯ ಗೋಡೆಗೆ ಸಿಂಪಡಿಸುವ, ಔಷಧಿಯುಕ್ತ ಸೊಳ್ಳೆ ಪರದೆಗೆ ಲೇಪಿಸುವ, ಬತ್ತಿ ಮತ್ತು ದ್ರವ ಯಂತ್ರಗಳಲ್ಲಿ ತುಂಬುವ ಔಷಧಿಗಳಲ್ಲಿಯೂ ಬಹುಪಾಲು ಇದೇ ಗುಂಪಿನವು. ಹೀಗಾಗಿ ಸಿಂಪಡಣಾ ಕ್ಯಾನನ್ನು ನಾಲೆಯಲ್ಲೋ ಕೆರೆಯ ಅಂಚಿನಲ್ಲೋ ತೊಳೆಯುವುದು ಮೀನುಗಳಿಗೆ ಮಾತ್ರವಲ್ಲ, ಮಗುವನ್ನು ಮಲಗಿಸುವ ಪರದೆಯ ಬಲಕ್ಕೂ ಕುತ್ತು ತರುತ್ತದೆ. ತೊಳೆದ ನೀರನ್ನು ಸಿಂಪಡಿಸಿದ ಬೆಳೆಗೇ ಹಾಕಿ ಮುಗಿಸಬೇಕು. ಔಷಧಿಯುಕ್ತ ಪರದೆಗಳನ್ನು ಕೆರೆಯಲ್ಲಿ ಒಗೆಯುವುದನ್ನೂ ಬಿಡಬೇಕು.

ಮರಿ ಹಂತದಲ್ಲಿಯೇ ನಿಯಂತ್ರಣ

ಪ್ರೌಢ ಸೊಳ್ಳೆ ಮೈಲಿಗಟ್ಟಲೆ ಚದುರಬಲ್ಲದು. ಮರಿ ಹಾಗಲ್ಲ, ಅದು ನೀರು ನಿಂತಲ್ಲಿಯೇ ಸೆರೆಯಾಗಿರುತ್ತದೆ. ಹೊಗೆ ಯಂತ್ರದ ಹೊಗೆ ನೀರಿನೊಳಗಿನ ಮರಿಗಳಿಗೆ ತಾಗುವುದೇ ಇಲ್ಲ. ರೋಗ ಉಲ್ಬಣಿಸಿದಾಗ ಸೋಂಕಿತ ಸೊಳ್ಳೆಗಳನ್ನು ಒಮ್ಮೆಗೆ ತಗ್ಗಿಸಲು ಅದಕ್ಕೊಂದು ಸ್ಥಾನವಿದೆ. ವರ್ಷವಿಡೀ ನಂಬುವ ಉಪಾಯ ಅದಲ್ಲ.

ಮರಿಗಳ ನಿಯಂತ್ರಣಕ್ಕೆ ಇಂದು ಲಭ್ಯವಿರುವ ಜೈವಿಕ ಲಾರ್ವಾನಾಶಕಗಳಲ್ಲಿ ಪ್ರಮುಖವಾದುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್, ಸಂಕ್ಷಿಪ್ತವಾಗಿ ಬಿಟಿಐ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನೀರಿನ ಹೊಂಡದಲ್ಲಿ ಸೊಳ್ಳೆಯ ಮರಿಗಳು ಸತ್ತು ತೇಲುತ್ತಿದ್ದುದನ್ನು ಕಂಡು ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲಾಯಿತು. ನಮ್ಮಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಇದರ ಉತ್ಪಾದನಾ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ.

ಬಿಟಿಐ ಸ್ಪರ್ಶದಿಂದ ಕೊಲ್ಲುವುದಿಲ್ಲ. ಮರಿಯು ನೀರನ್ನು ಸೋಸಿ ಆಹಾರ ತಿನ್ನುವಾಗ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳುಗಳು ಹೊಟ್ಟೆ ಸೇರುತ್ತವೆ. ಕರುಳಿನ ಕ್ಷಾರೀಯ ದ್ರವದಲ್ಲಿ ಅವು ಕರಗಿ, ಕರುಳಿನ ಗೋಡೆಗೆ ರಂಧ್ರ ಕೊರೆಯುತ್ತವೆ. ಮರಿ ಬೇಗನೆ ತಿನ್ನುವುದನ್ನು ನಿಲ್ಲಿಸಿ, ಸಾಮಾನ್ಯವಾಗಿ 24 ಗಂಟೆಗಳೊಳಗೆ ಸಾಯುತ್ತದೆ. ಮನುಷ್ಯರು ಮತ್ತು ದನಕರುಗಳ ಹೊಟ್ಟೆಯಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಮೀನುಗಳಿಗೂ ಜೇನ್ನೊಣಗಳಿಗೂ ಅಪಾಯವಿಲ್ಲ. ಬಿಟಿಐನಲ್ಲಿ ಒಂದಲ್ಲ, ನಾಲ್ಕಕ್ಕೂ ಹೆಚ್ಚು ವಿಷ ಪ್ರೋಟೀನುಗಳು ಒಟ್ಟಿಗಿರುತ್ತವೆ. ಇವೆಲ್ಲವನ್ನೂ ಏಕಕಾಲಕ್ಕೆ ತಾಳಿಕೊಳ್ಳುವ ಮರಿ ದೊರೆಯುವುದು ಅತಿ ವಿರಳ. ಆದ್ದರಿಂದಲೇ ದಶಕಗಳ ಬಳಕೆಯ ನಂತರವೂ ಇದರ ಬಲ ಬಹುಮಟ್ಟಿಗೆ ಉಳಿದಿದೆ.

ಇನ್ನೊಂದು ಬ್ಯಾಕ್ಟೀರಿಯಾ ಲೈಸಿನಿಬ್ಯಾಸಿಲಸ್ ಸ್ಫೇರಿಕಸ್. ಚರಂಡಿ, ಗೊಬ್ಬರದ ನೀರು ಮುಂತಾದ ಕೊಳೆ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆಗಳ ಮೇಲೆ ಇದು ಹೆಚ್ಚು ದಿನ ಕೆಲಸ ಮಾಡುತ್ತದೆ. ಈಡಿಸ್ ಈಜಿಪ್ಟೈ ಮೇಲೆ ಇದರ ಪರಿಣಾಮ ಅತ್ಯಲ್ಪ. ಆದರೆ 'ಜೈವಿಕ' ಎಂದಾಕ್ಷಣ ನಿರೋಧಕತೆ ಬರುವುದಿಲ್ಲವೆಂದು ತಿಳಿಯಬಾರದು. ಕೇರಳದ ಕೊಚ್ಚಿಯಲ್ಲಿ ಸುಮಾರು ಎರಡು ವರ್ಷ ಇದೊಂದನ್ನೇ ಸತತವಾಗಿ ಬಳಸಿದ ಬಳಿಕ ಕ್ಯುಲೆಕ್ಸ್ ಮರಿಗಳು ಇದಕ್ಕೆ ತೀವ್ರ ನಿರೋಧಕತೆ ಬೆಳೆಸಿಕೊಂಡದ್ದು 1995ರಲ್ಲಿ ವರದಿಯಾಗಿದೆ. ಇದರ ಕೊಲ್ಲುವ ಶಕ್ತಿ ಮುಖ್ಯವಾಗಿ ಒಂದೇ ವಿಷದ ಮೇಲೆ ನಿಂತಿರುವುದೇ ಕಾರಣ. ಆದುದರಿಂದ ಇದನ್ನು ಬಿಟಿಐ ಜೊತೆಗೆ, ಇಲ್ಲವೇ ಸರದಿಯ ಮೇಲೆ ಬಳಸಬೇಕು.

ರೇಷ್ಮೆ ಬೆಳೆಗಾರರ ಗಮನಕ್ಕೆ

ಹೆಸರಿನ ಗೊಂದಲವೊಂದು ಇಲ್ಲಿ ಬೆಳೆಯನ್ನೇ ಕಳೆಯಬಲ್ಲದು. ಎಲೆಕೋಸು, ಟೊಮೆಟೊಗಳ ಹುಳುಗಳಿಗೆ ಅಂಗಡಿಯಲ್ಲಿ ದೊರೆಯುವ 'ಬಿಟಿ' ಪುಡಿಯು ಕುರ್‌ಸ್ಟಾಕಿ ಎಂಬ ಬೇರೆ ಉಪಜಾತಿಯದು. ಅದು ಪತಂಗಗಳ ಮರಿಗಳನ್ನು ಕೊಲ್ಲುತ್ತದೆ. ರೇಷ್ಮೆ ಹುಳುವೂ ಪತಂಗದ ಮರಿಯೇ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಮೊದಲು ಪತ್ತೆಯಾದದ್ದೇ 1901ರಲ್ಲಿ ಜಪಾನಿನ ರೋಗಗ್ರಸ್ತ ರೇಷ್ಮೆ ಹುಳುಗಳಲ್ಲಿ. ಸೊಳ್ಳೆಗೆಂದು ಈ ಪುಡಿಯನ್ನು ತಂದು ತೊಟ್ಟಿಗೆ ಹಾಕಿದರೆ ಸೊಳ್ಳೆ ಸಾಯುವುದಿಲ್ಲ, ಹಿಪ್ಪುನೇರಳೆಗೆ ಸಿಡಿದರೆ ಹುಳು ಸಾಯುತ್ತದೆ. ಪೊಟ್ಟಣದ ಮೇಲೆ 'ಇಸ್ರೇಲೆನ್ಸಿಸ್' ಎಂಬ ಪದವನ್ನು ಓದಿಯೇ ಕೊಳ್ಳಬೇಕು. ಸೊಳ್ಳೆ, ನೊಣಗಳ ಗುಂಪಿನ ಮೇಲೆ ಮಾತ್ರ ಕೆಲಸ ಮಾಡುವ ಬಿಟಿಐಯನ್ನೂ ಚಾಕಿ ಮನೆಯಲ್ಲಿ ಸಂಗ್ರಹಿಸದಿರುವುದು ಲೇಸು.

ಲಾರ್ವಾನಾಶಕವಾಗಿ ಬಳಕೆಯಲ್ಲಿರುವ ಪೈರಿಪ್ರಾಕ್ಸಿಫೆನ್ ಕುರಿತು ಇನ್ನೂ ಹೆಚ್ಚಿನ ಎಚ್ಚರ ಬೇಕು. ಇದು ಕೀಟದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸುವ ವಸ್ತು. ಅತ್ಯಲ್ಪ ಪ್ರಮಾಣದಲ್ಲಿ ಸೊಪ್ಪಿಗೆ ತಗಲಿದರೂ ಹುಳುಗಳು ಗೂಡು ಕಟ್ಟದೆ ಹೋಗಬಹುದು.

ಗೋಡೆಗೆ ಕೀಟನಾಶಕ ಹೊಡೆಯಲು ರೇಷ್ಮೆ ಸಾಕುವ ಮನೆಗಳವರು ಒಪ್ಪದಿರುವುದು ಸಹಜ, ನ್ಯಾಯವೂ ಹೌದು. ಇಂತಹ ಗ್ರಾಮಗಳಿಗೆ ಕರ್ನಾಟಕದಲ್ಲಿಯೇ ಒಂದು ಮಾದರಿ ಇದೆ. ಕೋಲಾರ ಮೊದಲಾದ ಜಿಲ್ಲೆಗಳ ಮಲೇರಿಯಾ ಪೀಡಿತ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು ಅನಾಫಿಲಿಸ್ ಮರಿಗಳನ್ನು ಹತೋಟಿಗೆ ತಂದ ಕಾರ್ಯ ವೈಜ್ಞಾನಿಕವಾಗಿ ದಾಖಲಾಗಿದೆ. ಬಳಕೆ ಕಡಿಮೆಯಾದ ಬಾವಿ, ಕೃಷಿ ಹೊಂಡ, ದೊಡ್ಡ ತೊಟ್ಟಿಗಳಿಗೆ ಗಪ್ಪಿ ಸೂಕ್ತ. ಗ್ಯಾಂಬೂಸಿಯಾ ಮೀನು ಇನ್ನೂ ಚುರುಕಾಗಿ ಮರಿಗಳನ್ನು ತಿನ್ನುವುದಾದರೂ ಸ್ಥಳೀಯ ಮೀನುಗಳ ಮೊಟ್ಟೆ, ಕಪ್ಪೆಯ ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಎರಡೂ ಹೊರನಾಡಿನ ಮೀನುಗಳಾದ್ದರಿಂದ ಕೆರೆ, ಹಳ್ಳಗಳಿಗೆ ಬಿಡದಿರುವುದೇ ಉತ್ತಮ.

ಭತ್ತದ ಗದ್ದೆಗಳಲ್ಲಿ

ಮಂಡ್ಯ, ಕೋಲಾರಗಳಂತಹ ಪ್ರದೇಶಗಳಲ್ಲಿ ಕಾಣಿಸಿಕೊಂಡಿರುವ ಮಿದುಳು ಜ್ವರದ ವೈರಾಣುವನ್ನು ಹರಡುವ ಕ್ಯುಲೆಕ್ಸ್ ಜಾತಿಗಳು ನೀರು ನಿಂತ ಗದ್ದೆಗಳಲ್ಲಿ ಬೆಳೆಯುತ್ತವೆ. ಎಕರೆಗಟ್ಟಲೆ ಗದ್ದೆಗೆ ಒಂದೆರಡು ವಾರಕ್ಕೊಮ್ಮೆ ಬಿಟಿಐ ಹಾಕುವುದು ರೈತನ ಕೈಗೆ ಎಟುಕುವ ಮಾತಲ್ಲ, ಅದನ್ನು ನಾವು ಶಿಫಾರಸು ಮಾಡುವುದೂ ಇಲ್ಲ. ಇಲ್ಲಿ ನೀರಿನ ನಿರ್ವಹಣೆಯೇ ಲಾರ್ವಾನಾಶಕ. ನಾಟಿ ಮಾಡಿದ ಎರಡು ಮೂರು ವಾರಗಳ ನಂತರ ನೀರು ನಿಲ್ಲಿಸುವ, ಇಂಗಲು ಬಿಡುವ ಸರದಿ ಪದ್ಧತಿಯನ್ನು ಅನುಸರಿಸಿ. ಗದ್ದೆಯಲ್ಲಿ ಹೂತ ರಂಧ್ರದ ಕೊಳವೆಯೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಹಾಯಿಸಿ. ಹೂ ಬಿಡುವ ಹಂತದಲ್ಲಿ ಮಾತ್ರ ನೀರು ಕಡಿಮೆಯಾಗಬಾರದು. ಮರಿಗಳು ಕೋಶವಾಗುವ ಮೊದಲೇ ನೀರು ಇಂಗಿದರೆ ಆ ತಲೆಮಾರು ಅಲ್ಲಿಗೆ ಮುಗಿಯುತ್ತದೆ, ನೀರೂ ಉಳಿಯುತ್ತದೆ. ಆದರೆ ಒಬ್ಬರು ಒಣಗಿಸಿ ಪಕ್ಕದವರು ತುಂಬಿಸಿಕೊಂಡರೆ ಫಲವಿಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಒಟ್ಟಾಗಿ ಮಾಡಬೇಕು. ಮಳೆಗಾಲದಲ್ಲಿ, ನೀರು ಬಸಿಯದ ಜೌಗು ಭೂಮಿಯಲ್ಲಿ ಇದು ಸಾಧ್ಯವಾಗದು.

ಯೂರಿಯಾ ಹಾಕಿದ ಬಳಿಕ ಗದ್ದೆಯಲ್ಲಿ ಸೊಳ್ಳೆ ಮರಿಗಳು ಹೆಚ್ಚುವುದನ್ನು ತಮಿಳುನಾಡಿನ ಅಧ್ಯಯನಗಳು ತೋರಿಸಿವೆ. ಬೇವಿನ ಹಿಂಡಿ ಲೇಪಿಸಿದ ಯೂರಿಯಾದೊಂದಿಗೆ ನೀರಿನ ನಿರ್ವಹಣೆಯನ್ನೂ ಪಾಲಿಸಿದ ಗದ್ದೆಗಳಲ್ಲಿ ಮರಿಗಳು ಕಡಿಮೆಯಾದುದೂ ಅಲ್ಲಿಯೇ ಕಂಡುಬಂದಿದೆ.

ಮಲೆನಾಡು, ಕರಾವಳಿಯ ತೋಟಗಳ ಸಮಸ್ಯೆ ಬೇರೆ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಟ್ಯಾಪಿಂಗ್ ಇಲ್ಲದ ದಿನಗಳಲ್ಲಿ ಮರದಲ್ಲೇ ಉಳಿದ ರಬ್ಬರ್ ಬಟ್ಟಲುಗಳಲ್ಲಿ ಡೆಂಗ್ಯೂ ಹರಡುವ ಈಡಿಸ್ ಬೆಳೆಯುತ್ತದೆ. ಇವಕ್ಕೆ ಔಷಧಿ ಬೇಡ, ಹಾಳೆ ಆಯ್ದು ಬಟ್ಟಲು ಮಗುಚಿದರೆ ಸಾಕು. ದನದ ಬಾನಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಗೋಡೆಯನ್ನು ಉಜ್ಜಿ ತೊಳೆಯಿರಿ. ಈಡಿಸ್ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

ಬಿಟಿಐ ಫಲ ನೀಡದಿದ್ದಾಗ

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಆತುರದಿಂದ 'ನಿರೋಧಕತೆ' ಎಂಬ ತೀರ್ಮಾನಕ್ಕೆ ಬರಬಾರದು. ಹಾಕುವ ಮೊದಲು ಬಿಳಿ ಬಟ್ಟಲಿನಿಂದ ಹೊಂಡದ ಅಂಚಿನ ಹತ್ತು ಕಡೆ ನೀರು ಮೊಗೆದು ಮರಿಗಳನ್ನು ಎಣಿಸಿ, ಬರೆದಿಡಿ. 24 ಮತ್ತು 48 ಗಂಟೆಗಳ ಬಳಿಕ ಅದೇ ಸ್ಥಳಗಳಲ್ಲಿ ಮತ್ತೆ ಎಣಿಸಿ. ಬಾಲ ಬಾಗಿಸಿಕೊಂಡು ಅಲ್ಪವಿರಾಮದ ಗುರುತಿನಂತೆ ಕಾಣುವ ಕೋಶಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಕೋಶವು ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಬಿಟಿಐನಿಂದ ಸಾಯುವುದಿಲ್ಲ. ಕೋಶವಾಗಲು ಸಿದ್ಧವಾದ ಬಲಿತ ಮರಿಯೂ ಅಷ್ಟೆ. ಬಹಳಷ್ಟು ದೂರುಗಳ ಮೂಲ ಇಷ್ಟೇ ಆಗಿರುತ್ತದೆ. ಪಾಚಿ ದಟ್ಟವಾಗಿದ್ದರೆ, ನೀರು ಕೊಳೆತಿದ್ದರೆ, ಹರಿಯುತ್ತಿದ್ದರೆ, ಪುಡಿ ಅವಧಿ ಮೀರಿದ್ದರೆ ಅಥವಾ ಬಿಸಿಲಿನಲ್ಲಿ ಇಟ್ಟಿದ್ದರೆ ಪರಿಣಾಮ ತಗ್ಗುತ್ತದೆ. ಸೂರ್ಯನ ಬೆಳಕು ಈ ಹರಳುಗಳನ್ನು ಬೇಗ ಕೆಡಿಸುವುದರಿಂದ ಸಂಜೆ ಹಾಕುವುದು ಒಳಿತು. ಪ್ರಮಾಣವು ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ, ಲೇಬಲ್‌ನಲ್ಲಿರುವಷ್ಟೇ ಬಳಸಿ.

ಪ್ರೌಢ ಸೊಳ್ಳೆಗಳ ನಿರೋಧಕತೆಯನ್ನು ಅಳೆಯುವುದು ಪ್ರಯೋಗಾಲಯದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಂತೆ ಸೊಳ್ಳೆಗಳನ್ನು ನಿಗದಿತ ಪ್ರಮಾಣದ ಔಷಧಿ ಲೇಪಿಸಿದ ಕಾಗದಕ್ಕೆ ಒಂದು ಗಂಟೆ ಒಡ್ಡಿ, 24 ಗಂಟೆಗಳ ನಂತರ ಎಣಿಸಲಾಗುತ್ತದೆ. ಶೇ. 98 ಅಥವಾ ಹೆಚ್ಚು ಸತ್ತರೆ ಔಷಧಿಗೆ ಬಲವಿದೆ ಎಂದೂ, ಶೇ. 90ಕ್ಕಿಂತ ಕಡಿಮೆ ಸತ್ತರೆ ನಿರೋಧಕತೆ ಖಚಿತವೆಂದೂ ಪರಿಗಣಿಸಲಾಗುತ್ತದೆ. ನಡುವಿನ ಫಲಿತಾಂಶ ಬಂದಲ್ಲಿ ಮರುಪರೀಕ್ಷೆ ಅಗತ್ಯ. ನಿಮ್ಮ ಗ್ರಾಮದಲ್ಲಿ ಸಿಂಪಡಣೆಯ ನಂತರವೂ ಸೊಳ್ಳೆಗಳು ಗೋಡೆಯ ಮೇಲೆ ನಿಶ್ಚಿಂತೆಯಿಂದ ಕುಳಿತಿರುವುದು ಕಂಡುಬಂದರೆ, ಸಿಂಪಡಣೆಯ ದಿನಾಂಕ, ಔಷಧಿಯ ಹೆಸರು ಹಾಗೂ ಆ ಹಂಗಾಮಿನಲ್ಲಿ ಸುತ್ತಲಿನ ಬೆಳೆಗಳಿಗೆ ಬಳಸಿದ ಕೀಟನಾಶಕಗಳ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಹದಲ್ಲಿ ನೀಡಿ. ಕೊನೆಯ ಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಜಿಲ್ಲಾ ಮಲೇರಿಯಾ ಅಧಿಕಾರಿಯ ಕಚೇರಿಗೆ ಮುಂದಿನ ಔಷಧಿಯನ್ನು ಆರಿಸಲು ಅದು ಬಹಳ ನೆರವಾಗುತ್ತದೆ.