ಇನ್ನೊಂದು ಐವತ್ತು ಅಡಿ

ಬೋರ್ ಕೊರೆಸುವ ಕಡೆ ಕೇಳಿಬರುವ ಮಾತೊಂದಿದೆ: "ಇನ್ನೊಂದು ಐವತ್ತು ಅಡಿ ನೋಡೋಣ." ಅರಸೀಕೆರೆ ತಾಲ್ಲೂಕಿನ ನಮ್ಮ ಕಣಕಟ್ಟೆ ಕಡೆಯವರಿಗೆ ಇದು ಹೊಸದಲ್ಲ. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ನಮ್ಮ ತೆಂಗಿನ ತೋಟಕ್ಕೆ ಬೋರ್ ಲಾರಿ ಬಂತು. 300 ಅಡಿಗೆ ನಿಲ್ಲಿಸೋಣ ಅಂತ ಅಪ್ಪ ಶುರು ಮಾಡಿದ್ರು. 650ಕ್ಕೆ ಹೋದರೂ ಬಂದದ್ದು ಬರೀ ಧೂಳು. ಅವ್ವ ಎರಡು ಸಲ "ಸಾಕು, ನಿಲ್ಸಿ ಅತ್ಲಾಗೆ" ಅಂದ್ಲು. ಅಪ್ಪಂದು ಒಂದೇ ಉತ್ತರ: "ಇಷ್ಟು ಕೊರೆಸಿದೀವಿ, ಈಗ ಬಿಟ್ರೆ ಹೆಂಗೆ?" ಆ ಸಾಲ ತೀರಿದ್ದು ನನಗೆ ಕೆಲಸ ಸಿಕ್ಕ ಮೇಲೆ.

ಈಗ ನನ್ನ ಕೆಲಸ ಸಾಫ್ಟ್‌ವೇರ್ ಏಜೆಂಟ್‌ಗಳನ್ನು ಬರೆಯೋದು. ಒಂದು ಗುರಿ ಕೊಟ್ಟರೆ ತಾವೇ ದಾರಿ ಹುಡುಕಿಕೊಂಡು ಹೋಗುವ ಪ್ರೋಗ್ರಾಂಗಳು. ಇವುಗಳ ಇತಿಹಾಸ ಓದುತ್ತಾ ಹೋದರೆ ನನಗೆ ಪದೇ ಪದೇ ಕಾಣೋದು ಅಪ್ಪನ ಆ ಪ್ರಶ್ನೆಯೇ.

1957ರಲ್ಲಿ ಅಮೆರಿಕದ ಅಲೆನ್ ನ್ಯೂವೆಲ್, ಹರ್ಬರ್ಟ್ ಸೈಮನ್, ಕ್ಲಿಫ್ ಶಾ ಸೇರಿ 'ಜನರಲ್ ಪ್ರಾಬ್ಲಂ ಸಾಲ್ವರ್' ಕಟ್ಟಲು ಶುರು ಮಾಡಿದರು. ಉಪಾಯ ಸರಳ. ಈಗಿರುವ ಸ್ಥಿತಿಗೂ ಬೇಕಾದ ಸ್ಥಿತಿಗೂ ಏನು ವ್ಯತ್ಯಾಸ ನೋಡು, ಅದನ್ನು ಕಡಿಮೆ ಮಾಡುವ ಹೆಜ್ಜೆ ಆರಿಸು. ಅಡ್ಡಿ ಬಂದರೆ ಅದನ್ನು ತೆಗೆಯೋದೇ ಒಂದು ಉಪಗುರಿ. ಆದರೆ ಮುಖ್ಯ ಗುರಿ ಕೊಡುವವರು ಮನುಷ್ಯರು. ಅದು ಇನ್ನೂ ಬೇಕಾ ಅಂತ ಪ್ರೋಗ್ರಾಂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬಿಡಿಸುತ್ತಾ ಕೂತಾಗ ಒಗಟು ಬದಲಾಗಲ್ಲವಲ್ಲ.

ನಿಜವಾದ ಜಗತ್ತು ಬದಲಾಗುತ್ತೆ. ಈ ತೊಡಕಿಗೆ ದಾರಿ ತೋರಿಸಿದವರು ಒಬ್ಬ ತತ್ತ್ವಶಾಸ್ತ್ರಜ್ಞರು, ಮೈಕೆಲ್ ಬ್ರಾಟ್‌ಮನ್, 1987ರಲ್ಲಿ. ಬಯಕೆ ಬೇರೆ, ಸಂಕಲ್ಪ ಬೇರೆ ಅಂದರು ಅವರು. ಶನಿವಾರ ಊರಿಗೂ ಹೋಗಬೇಕು, ಟೀಮ್ ಔಟಿಂಗ್‌ಗೂ ಹೋಗಬೇಕು ಅನ್ನೋದು ಬಯಕೆ. ಅರಸೀಕೆರೆ ಟ್ರೈನಿಗೆ ಟಿಕೆಟ್ ಬುಕ್ ಮಾಡಿದರೆ ಅದು ಸಂಕಲ್ಪ. ಒಮ್ಮೆ ಸಂಕಲ್ಪ ಮಾಡಿದ ಮೇಲೆ ಗಂಟೆಗೊಂದು ಸಲ ಮರುಯೋಚನೆ ಮಾಡ್ತಾ ಕೂತರೆ ಯಾವ ಕೆಲಸವೂ ಮುಗಿಯಲ್ಲ. ಇದನ್ನೇ ಆಸ್ಟ್ರೇಲಿಯಾದಲ್ಲಿದ್ದ ಆನಂದ್ ರಾವ್ ಮತ್ತು ಮೈಕೆಲ್ ಜಾರ್ಜೆಫ್ 1991ರಲ್ಲಿ ತರ್ಕದ ಭಾಷೆಗೆ ಇಳಿಸಿದರು: ನಂಬಿಕೆ, ಬಯಕೆ, ಸಂಕಲ್ಪ. ಏಜೆಂಟ್‌ಗೆ ಈ ಮೂರು ಖಾತೆಗಳು.

ಹಾಗಾದರೆ ಸಂಕಲ್ಪಕ್ಕೆ ಎಷ್ಟು ಅಂಟಿಕೊಳ್ಳಬೇಕು? ಅದೇ ವರ್ಷ ಡೇವಿಡ್ ಕಿನ್ನಿ ಮತ್ತು ಜಾರ್ಜೆಫ್ ಒಂದು ಆಟದ ಲೋಕದಲ್ಲಿ ಪರೀಕ್ಷೆ ಮಾಡಿದರು. ಅಲ್ಲಿ ಗುಂಡಿಗಳು ಹುಟ್ಟುತ್ತವೆ, ಮಾಯವಾಗುತ್ತವೆ, ಮುಚ್ಚಿದರೆ ಅಂಕ. ಒಂದು ಏಜೆಂಟ್ ಹಿಡಿದ ಯೋಜನೆ ಬಿಡದ ಹಠಮಾರಿ, ಇನ್ನೊಂದು ಹೆಜ್ಜೆಗೊಮ್ಮೆ ಯೋಚಿಸುವ ಪುಕ್ಕಲು. ಲೋಕ ನಿಧಾನವಾಗಿ ಬದಲಾದರೆ ಹಠಮಾರಿ ಗೆಲ್ಲುತ್ತಾನೆ, ಯಾಕಂದ್ರೆ ಯೋಚನೆಗೂ ಸಮಯ ಖರ್ಚಾಗುತ್ತೆ. ಬೇಗ ಬದಲಾದರೆ ಪುಕ್ಕಲನೇ ಮೇಲು.

ಆಟ ಅಂತ ತಳ್ಳಿಹಾಕಬೇಡಿ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಎಲ್ಲರೂ ಪರದೆ ನೋಡ್ತಾ ಕೂತಿದ್ದು ನಿಮಗೂ ನೆನಪಿರಬೇಕು. ಚಂದ್ರನ ಮೇಲೆ ಇಳಿಯುವ ಕೊನೆಯ ನಿಮಿಷಗಳಲ್ಲಿ ವಿಕ್ರಮ್‌ಗೆ ಭೂಮಿಯಿಂದ ಯಾರೂ ಸ್ಟಿಯರಿಂಗ್ ಹಿಡಿಯೋ ಹಾಗಿಲ್ಲ, ನಿರ್ಧಾರ ಸಾಫ್ಟ್‌ವೇರಿನದೇ. ಏನು ತಪ್ಪಾಯಿತು ಅಂತ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪುಗಳು ಒಟ್ಟುಗೂಡಿದವು. ನೌಕೆ ಎಷ್ಟು ಬೇಗ ತಿರುಗಬಹುದು ಅನ್ನೋದಕ್ಕೆ ಸಾಫ್ಟ್‌ವೇರಿನಲ್ಲಿ ಮಿತಿ ಇತ್ತು. ಮೂರನೆಯದು, ಇಳಿಯಲು ಕೊಟ್ಟ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರ ಬಂದರೂ ಆ ಜಾಗ ಮುಟ್ಟಲೇಬೇಕು ಅಂತ ನೌಕೆ ವೇಗ ಹೆಚ್ಚಿಸುತ್ತಲೇ ಹೋಯಿತು.

ಇದನ್ನು ಓದಿದ ದಿನ ನನಗೆ ನಮ್ಮ ತೋಟದ ಲಾರಿ ಸದ್ದು ಕೇಳಿಸಿದ ಹಾಗಾಯಿತು.

ಚಂದ್ರಯಾನ-3ರಲ್ಲಿ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡಿ ವಿನ್ಯಾಸ ಮಾಡಿದರು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಮೆತ್ತಗೆ ಇಳಿಯಿತು. 'ಇಲ್ಲೇ ಇಳಿ' ಅನ್ನೋ ಗುರಿ 'ಇಷ್ಟರೊಳಗೆ ಎಲ್ಲಾದರೂ ಸುರಕ್ಷಿತವಾಗಿ ಇಳಿ' ಅಂತ ಬದಲಾಗಿತ್ತು.

ಇವತ್ತು ನಾವು ಆಫೀಸಿನಲ್ಲಿ ಬಳಸುವ ಎಐ ಏಜೆಂಟ್‌ಗಳಿಗೂ ಗುರಿ ಕೊಡೋದು ಒಂದು ಸಾಲಿನ ಕೆಲಸ. ಯಾವಾಗ ಬಿಡಬೇಕು ಅನ್ನೋ ಸಾಲನ್ನು ಬರೆಯೋಕೆ ಮರೀತೀವಿ. ನಾನೀಗ ಆ ಸಾಲನ್ನೇ ಮೊದಲು ಬರೀತೀನಿ, ಕೆಲಸ ಶುರುವಾಗೋ ಮುಂಚೆ. ಕೊರೆಯುವ ಸದ್ದಿನ ನಡುವೆ ಕೂತು ಬರೆಯೋಕಾಗಲ್ಲ.

ಹೋದ ವರ್ಷ ಅಪ್ಪ ಮತ್ತೆ ಪಾಯಿಂಟ್ ಮಾಡಿಸಿದರು. ಲಾರಿ ಬರೋ ಹಿಂದಿನ ರಾತ್ರಿ ಮೂವರೂ ಕೂತು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು: 450. ಮಾರನೇ ದಿನ 450ಕ್ಕೆ ಲಾರಿಯವನು ಅಪ್ಪನ ಮುಖ ನೋಡಿದ. ಅಪ್ಪ ಅವ್ವನ ಮುಖ ನೋಡಿದರು. ನಿಲ್ಲಿಸಿದೆವು. 500ಕ್ಕೆ ನೀರಿತ್ತೇನೋ, ಯಾರಿಗೆ ಗೊತ್ತು? ಅಪ್ಪ ಈಗಲೂ ಆಗಾಗ ಆ ಮಾತೆತ್ತುತ್ತಾರೆ. ಸಾಲ ಮಾತ್ರ ಆಗಲಿಲ್ಲ.