ದಿಕ್ಕಿಲ್ಲದವರು ಕಟ್ಟಿದ ಊರು

ಪ್ರತಿ ವರ್ಷ ಏಪ್ರಿಲ್ 21ಕ್ಕೆ ರೋಮ್ ನಗರ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತೆ. ಊರಿಗೆ ಹುಟ್ಟುಹಬ್ಬಾನಾ ಅಂತ ಕೇಳಬೇಡಿ. ಅವರ ಲೆಕ್ಕದಲ್ಲಿ ಆ ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ. ಈ ಲೆಕ್ಕವನ್ನು ಗಟ್ಟಿ ಮಾಡಿದವನು ವಾರೋ ಅನ್ನೋ ರೋಮನ್ ಪಂಡಿತ. ಆತ ಬದುಕಿದ್ದು ಕ್ರಿ.ಪೂ. ಒಂದನೇ ಶತಮಾನದಲ್ಲಿ. ಅಂದ್ರೆ ಮಗು ಹುಟ್ಟಿ ಆರುನೂರು, ಏಳುನೂರು ವರ್ಷ ಆದಮೇಲೆ ಕೂತು ಜಾತಕ ಬರೆದ ಹಾಗಾಯ್ತು.

ತಾರೀಖು ಬಿಡಿ. ನನಗೆ ಆಶ್ಚರ್ಯ ಆಗೋದು ಅವರು ತಮ್ಮ ಹುಟ್ಟಿನ ಬಗ್ಗೆ ಹೇಳಿಕೊಂಡ ಕಥೆ ನೋಡಿ. ಆಲ್ಬಾ ಲಾಂಗಾ ಅನ್ನೋ ಊರಲ್ಲಿ ಅಣ್ಣನ ಗದ್ದುಗೆಯನ್ನು ತಮ್ಮ ಕಿತ್ಕೊಂಡ. ಅಣ್ಣನ ಮಗಳಿಗೆ ಮಕ್ಕಳೇ ಆಗಬಾರದು ಅಂತ ಆಕೆಯನ್ನು ವೆಸ್ಟಾ ದೇವಿಯ ಸೇವೆಗೆ ಬಿಟ್ಟ. ಆದರೂ ಆಕೆಗೆ ಅವಳಿ ಮಕ್ಕಳು ಹುಟ್ಟಿದವು. ತಂದೆ ಯಾರು ಅಂದ್ರೆ ಯುದ್ಧದೇವತೆ ಮಾರ್ಸ್ ಅಂದಳು. ಮಕ್ಕಳನ್ನ ಟೈಬರ್ ನದಿಗೆ ಬಿಟ್ಟರು, ಹೆಣ್ಣು ತೋಳವೊಂದು ಹಾಲು ಕುಡಿಸಿತು, ಕುರುಬನೊಬ್ಬ ಸಾಕಿದ. ಲಿವಿ ಅವರದೇ ದೊಡ್ಡ ಇತಿಹಾಸಕಾರ. ಅವನು ಮುಲಾಜಿಲ್ಲದೆ ಇನ್ನೊಂದು ಮಾತನ್ನೂ ಸೇರಿಸ್ತಾನೆ. ಲ್ಯಾಟಿನ್‌ನಲ್ಲಿ 'ಲೂಪಾ' ಅಂದ್ರೆ ಹೆಣ್ಣು ತೋಳ, ಆಡುಮಾತಲ್ಲಿ ವೇಶ್ಯೆ ಅಂತಲೂ ಅರ್ಥ. ಹಾಲು ಕೊಟ್ಟಿದ್ದು ತೋಳ ಅಲ್ಲ, ಆ ಕುರುಬನ ಹೆಂಡತಿಗೇ ಆ ಹೆಸರಿತ್ತು ಅಂತ ಕೆಲವರು ಹೇಳ್ತಾರಪ್ಪಾ ಅಂತ ಬರೆದುಬಿಡ್ತಾನೆ!

ಆ ಮಕ್ಕಳು ಬೆಳೆದು ಊರು ಕಟ್ಟೋಕೆ ಹೊರಟಾಗ ಮೊದಲ ದಿನವೇ ಜಗಳ. ರೊಮ್ಯುಲಸ್ ತನ್ನ ಒಡಹುಟ್ಟಿದ ರೀಮಸ್‌ನನ್ನೇ ಕೊಂದ. ಊರಿಗೆ ಗೋಡೆ ಎದ್ದಿತು, ಒಳಗೆ ಜನವೇ ಇಲ್ಲ. ಆಗ ರೊಮ್ಯುಲಸ್ ಕ್ಯಾಪಿಟೊಲೈನ್ ಗುಡ್ಡದಲ್ಲಿ ಒಂದು ಜಾಗ ಗುರುತು ಮಾಡಿ, ಇಲ್ಲಿಗೆ ಓಡಿ ಬಂದವರಿಗೆಲ್ಲ ಆಶ್ರಯ ಅಂತ ಸಾರಿಸಿದ. ಅಕ್ಕಪಕ್ಕದ ಊರುಗಳಿಂದ ಆಳೂ ಬಂದ, ಒಡೆಯನೂ ಬಂದ. ಯಾರು, ಎಲ್ಲಿಯವರು ಅಂತ ಕೇಳೋರಿಲ್ಲ. ಹೆಂಗಸರಿರಲಿಲ್ಲ, ಅದಕ್ಕೆ ನೆರೆಯ ಸೇಬೈನರನ್ನು ಹಬ್ಬಕ್ಕೆ ಕರೆದು ಅವರ ಹೆಣ್ಣುಮಕ್ಕಳನ್ನೇ ಹೊತ್ತುಕೊಂಡು ಹೋದರು. ಯುದ್ಧ ಆಯ್ತು. ಕೊನೆಗೆ ಅದೇ ಹೆಣ್ಣುಮಕ್ಕಳು, ಈ ಕಡೆ ಅಪ್ಪಂದಿರು, ಆ ಕಡೆ ಗಂಡಂದಿರು, ಮಧ್ಯೆ ನಿಂತು ಯುದ್ಧ ನಿಲ್ಲಿಸಿದರು. ಎರಡೂ ಕುಲ ಸೇರಿ ಒಂದೇ ಊರಾಯ್ತು.

ಭ್ರಾತೃಹತ್ಯೆ, ಅಪಹರಣ, ಓಡಿಬಂದ ಆಳುಗಳು. ಯಾವ ಶತ್ರುವೂ ಹಬ್ಬಿಸಿದ ಸುದ್ದಿ ಅಲ್ಲ ಇದು, ಅವರೇ ತಮ್ಮ ಮಕ್ಕಳಿಗೆ ಹೇಳಿಕೊಟ್ಟ ಕಥೆ. ಕಥೆ ನಿಜವಾ ಅನ್ನೋದು ಒಂದು ಪ್ರಶ್ನೆ. ಇಂಥ ಕಥೆಯನ್ನೇ ಯಾಕೆ ಇಟ್ಟುಕೊಂಡರು ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಗಣಿತ ಸಾಕು. ನಾನು ಓದಿದ್ದು ಇಂಜಿನಿಯರಿಂಗ್, ಅಂಕಿ ಕಂಡ್ರೆ ಭಾಗಿಸಿ ನೋಡೋ ಚಟ. ಕ್ರಿ.ಪೂ. 753ರಿಂದ 509ರವರೆಗೆ ರೋಮ್ ಆಳಿದ್ದು ಏಳು ರಾಜರು ಅಂತಾರೆ. 244 ವರ್ಷ, ಏಳು ಜನ, ತಲೆಗೆ ಸರಾಸರಿ 35 ವರ್ಷ. ಇವರಲ್ಲಿ ಕೊನೆಯ ಮೂವರಲ್ಲಿ ಇಬ್ಬರು ಕೊಲೆಯಾದವರು, ಒಬ್ಬ ಗಡೀಪಾರಾದವನು. ಲೆಕ್ಕ ಕೂಡಿಬರಲ್ಲ. ಒಂದೋ ರಾಜರು ಇನ್ನೂ ಹೆಚ್ಚಿದ್ದರು, ಇಲ್ಲಾ ಕಾಲ ಕಡಿಮೆ ಇತ್ತು.

ಹಾಗಂತ ಎಲ್ಲಾ ಕಟ್ಟುಕಥೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಪ್ಯಾಲಟೈನ್ ಗುಡ್ಡವನ್ನು ಅಗೆದಾಗ ಗುಡಿಸಲಿನ ಕಂಬ ನೆಟ್ಟ ಗುಂಡಿಗಳು ಸಿಕ್ಕಿವೆ, ಕ್ರಿ.ಪೂ. ಎಂಟನೇ ಶತಮಾನದ ಆಸುಪಾಸಿನವು. 1899ರಲ್ಲಿ ಜಾಕೊಮೊ ಬೋನಿ ಅನ್ನೋ ಪುರಾತತ್ವಜ್ಞ ಫೋರಂನ ಕಪ್ಪು ಕಲ್ಲುಹಾಸಿನ ಕೆಳಗೆ ಒಂದು ಶಾಸನ ಕಂಡುಹಿಡಿದ. ಸುಮಾರು ಕ್ರಿ.ಪೂ. ಆರನೇ ಶತಮಾನದ್ದು, ಅರ್ಧಕ್ಕರ್ಧ ಓದೋಕಾಗಲ್ಲ. ಆದರೆ ಒಂದು ಪದ ಸ್ಪಷ್ಟ: 'ರೆಕೆಯ್'. ಅಂದ್ರೆ 'ರಾಜನಿಗೆ'. ಲ್ಯಾಟಿನ್‌ನ 'ರೆಕ್ಸ್', ಸಂಸ್ಕೃತದಿಂದ ನಮಗೆ ಬಂದ 'ರಾಜ', ಎರಡೂ ಒಂದೇ ಬೇರಿನ ಪದಗಳು. ರೋಮ್‌ನಲ್ಲಿ ರಾಜ ಅನ್ನೋನೊಬ್ಬ ಇದ್ದ ಅನ್ನೋದಕ್ಕೆ ಕಲ್ಲೇ ಸಾಕ್ಷಿ.

ಇನ್ನು ಜಾಗ. ಸಮುದ್ರದಿಂದ ಸುಮಾರು 25 ಕಿಲೋಮೀಟರ್ ಒಳಗೆ, ಟೈಬರ್ ನದಿ ನಡುವೆ ಒಂದು ದ್ವೀಪ. ಅಲ್ಲಿ ಹೊಳೆ ದಾಟೋದು ಸುಲಭ. ನದೀಮುಖದಲ್ಲಿ ಉಪ್ಪಿನ ಗದ್ದೆ, ಬೆಟ್ಟದ ಮೇಲಿನ ದನಗಾಹಿಗಳಿಗೆ ಉಪ್ಪು ಬೇಕು. ಆ ಉಪ್ಪು ಸಾಗಿದ ದಾರಿಗೆ ಈಗಲೂ 'ವಿಯಾ ಸಲಾರಿಯಾ', ಉಪ್ಪಿನ ದಾರಿ ಅಂತಲೇ ಹೆಸರು. ಗುಡ್ಡಗಳ ನಡುವಿನ ತಗ್ಗು ಜಾಗವೋ, ಮಳೆ ಬಂದ್ರೆ ಕೆರೆ. ಅಲ್ಲಿಗೆ ಸಾವಿರಾರು ಘನ ಮೀಟರ್ ಮಣ್ಣು ಸುರಿದು ಎತ್ತರಿಸಿ, ನೀರು ಹೋಗೋಕೆ ಕಾಲುವೆ ತೋಡಿದರು. ಹೀಗೆ ಒಣಗಿದ ಜೌಗಿನ ಮೇಲೆ ಎದ್ದಿದ್ದೇ ಫೋರಂ, ರೋಮ್‌ನ ಸಂತೆ, ಸಭೆ, ನ್ಯಾಯಾಲಯ ಎಲ್ಲವೂ. ಸಾಮ್ರಾಜ್ಯ ಕಟ್ಟೋಕೂ ಮುಂಚೆ ಚರಂಡಿ ಕಟ್ಟಿದ ಜನ ಇವರು. ನಮ್ಮ ನಗರಗಳಲ್ಲಿ ಒಂದು ಮಳೆಗೆ ಅಂಡರ್‌ಪಾಸ್ ತುಂಬೋದನ್ನ ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತೆ, ಇರಲಿ.

ಕ್ರಿ.ಪೂ. 509ರಲ್ಲಿ ರಾಜರನ್ನು ಓಡಿಸಿ ಗಣರಾಜ್ಯ ಮಾಡಿಕೊಂಡರು ಅಂತ ಪಾಠದಲ್ಲಿ ಓದ್ತೀವಿ. ಸ್ವಾತಂತ್ರ್ಯ ಬಂತು. ಆದರೆ ಯಾರಿಗೆ? ಅಧಿಕಾರ, ಪೌರೋಹಿತ್ಯ, ಭೂಮಿ ಎಲ್ಲ ಪೆಟ್ರೀಷಿಯನ್ ಅನ್ನೋ ಕೆಲವು ಮನೆತನಗಳ ಕೈಗೆ ಹೋಯಿತು. ಉಳಿದವರು ಪ್ಲೀಬಿಯನ್ನರು, ಅಂದ್ರೆ ಜನಸಾಮಾನ್ಯರು.

ಕ್ರಿ.ಪೂ. 495ರ ಒಂದು ದಿನದ ಬಗ್ಗೆ ಲಿವಿ ಬರೀತಾನೆ. ಕೊಳಕು ಬಟ್ಟೆ, ಬಿಳುಚಿದ ಮೈ, ಕೆದರಿದ ಗಡ್ಡದ ಮುದುಕನೊಬ್ಬ ಓಡಿಬಂದು ಫೋರಂನಲ್ಲಿ ಬೀಳ್ತಾನೆ. ಜನ ಗುರುತು ಹಿಡೀತಾರೆ, ಅರೆ, ಇವನು ನಮ್ಮ ಸೈನ್ಯದಲ್ಲಿ ತುಕಡಿ ನಡೆಸಿದವನಲ್ವಾ? ಅವನು ಎದೆ ತೋರಿಸ್ತಾನೆ, ತುಂಬಾ ಯುದ್ಧದ ಗಾಯ. ತನ್ನ ಕಥೆ ಹೇಳ್ತಾನೆ. ದೇಶಕ್ಕಾಗಿ ಯುದ್ಧಕ್ಕೆ ಹೋಗಿದ್ದಾಗ ಶತ್ರುಗಳು ಹೊಲ ಸುಟ್ಟರು, ಮನೆ ಸುಟ್ಟರು, ದನ ಹೊಡ್ಕೊಂಡು ಹೋದರು. ಅದೇ ಹೊತ್ತಲ್ಲಿ ತೆರಿಗೆ ಕಟ್ಟು ಅಂದರು. ಸಾಲ ಮಾಡಿದ. ಬಡ್ಡಿ ಬೆಳೀತು. ತಾತನ ಹೊಲ ಹೋಯಿತು, ಉಳಿದದ್ದೂ ಹೋಯಿತು, ಕೊನೆಗೆ ಮೈಯನ್ನೇ ಸಾಲಗಾರ ಹಿಡಿದು ಜೀತಕ್ಕೆ ಹಾಕಿದ. ಇಷ್ಟು ಹೇಳಿ ಬೆನ್ನು ತಿರುಗಿಸ್ತಾನೆ. ಬೆನ್ನ ಮೇಲೆ ಹೊಸ ಚಾವಟಿ ಏಟುಗಳು. ಎದೆಯ ಮೇಲಿನದು ಶತ್ರು ಕೊಟ್ಟಿದ್ದು, ಬೆನ್ನ ಮೇಲಿನದು ತನ್ನದೇ ಊರು ಕೊಟ್ಟಿದ್ದು.

ಊರು ಹೊತ್ತಿ ಉರಿದ ಹಾಗಾಯ್ತು. ಮರುವರ್ಷ, ಕ್ರಿ.ಪೂ. 494ರಲ್ಲಿ, ಜನಸಾಮಾನ್ಯರು ಮಾಡಿದ್ದು ಜಗತ್ತಿನ ಇತಿಹಾಸದಲ್ಲೇ ಬಹಳ ದೊಡ್ಡ ಮುಷ್ಕರ. ಯಾರನ್ನೂ ಕೊಲ್ಲಲಿಲ್ಲ, ಬೆಂಕಿ ಹಚ್ಚಲಿಲ್ಲ. ಸೈನಿಕರು ಸೀದಾ ಊರಿಂದ ಹೊರಗೆ ನಡೆದು, ಪವಿತ್ರ ಗುಡ್ಡ ಅನ್ನೋ ಕಡೆ ಬೀಡು ಬಿಟ್ಟರು. ನಿಮ್ಮ ಊರು, ನೀವೇ ಕಾಯ್ಕೊಳ್ಳಿ ಅಂತ. ಶ್ರೀಮಂತರ ಎದೆ ಒಡೀತು. ಸಂಧಾನ ಆಯ್ತು. ಜನರ ಪರವಾಗಿ ಟ್ರಿಬ್ಯೂನ್ ಅನ್ನೋ ಪ್ರತಿನಿಧಿಗಳು ಬಂದರು. ಅವರ ಮೈ ಮುಟ್ಟಿದವನ ತಲೆ ಉಳಿಯಲ್ಲ ಅಂತ ಜನ ಆಣೆ ಮಾಡಿದರು. ಅಧಿಕಾರಿ ಹೊರಡಿಸಿದ ಆಜ್ಞೆಯನ್ನು ಟ್ರಿಬ್ಯೂನ್ ತಡೆಯಬಹುದಿತ್ತು. 'ವೀಟೊ' ಅಂದ್ರೆ ಲ್ಯಾಟಿನ್‌ನಲ್ಲಿ 'ನಾನು ತಡೆಯುತ್ತೇನೆ' ಅಂತ. ವಿಶ್ವಸಂಸ್ಥೆಯ ಸುದ್ದಿ ಓದುವಾಗ ನಾವು ದಿನಾ ಬಳಸೋ ಪದ.

ಹಾಗಂತ ಜೀತ ಹೋಯಿತಾ? ಇಲ್ಲ. ಕಾನೂನನ್ನು ಹನ್ನೆರಡು ಫಲಕಗಳ ಮೇಲೆ ಬರೆಸೋಕೆ ಕ್ರಿ.ಪೂ. 451–450 ಬರಬೇಕಾಯ್ತು. ಸಾಲಕ್ಕೆ ಮೈಯನ್ನು ಒತ್ತೆ ಇಡೋ ಪದ್ಧತಿ ರದ್ದಾಗಿದ್ದು, ಲಿವಿ ಪ್ರಕಾರ, 326ರಲ್ಲಿ. ಮುಷ್ಕರ ಆಗಿ 168 ವರ್ಷದ ಮೇಲೆ. ಆ ಮುದುಕನ ಮರಿಮಕ್ಕಳೂ ಅದನ್ನು ನೋಡಲಿಲ್ಲ.

ಹೊರಗಡೆ ಬೆಳವಣಿಗೆಯೂ ನೆಟ್ಟಗೆ ಮೇಲೇರಿದ್ದಲ್ಲ. ಕ್ರಿ.ಪೂ. 396ರಲ್ಲಿ ಹದಿನೈದು ಕಿಲೋಮೀಟರ್ ಆಚೆಗಿದ್ದ ವೇಯಿ ಅನ್ನೋ ಎಟ್ರುಸ್ಕನ್ ನಗರವನ್ನು ಗೆದ್ದರು. ಬದುಕುಳಿದವರನ್ನು ಗುಲಾಮರಾಗಿ ಮಾರಿದರು. ಕೆಲವೇ ವರ್ಷದಲ್ಲಿ ಉತ್ತರದಿಂದ ಗಾಲ್ ಜನ ನುಗ್ಗಿ ಅಲಿಯಾ ಹೊಳೆಯ ಬಳಿ ರೋಮನ್ ಸೈನ್ಯವನ್ನು ಚೆಲ್ಲಾಪಿಲ್ಲಿ ಮಾಡಿ ರೋಮನ್ನೇ ಸೂರೆ ಹೊಡೆದರು. ಬಿಡುಗಡೆಗೆ ಚಿನ್ನ ತೂಗುವಾಗ ತೂಕ ಮೋಸ ಅಂದಿದ್ದಕ್ಕೆ, ಗಾಲರ ನಾಯಕ ಬ್ರೆನಸ್ ತಕ್ಕಡಿಗೆ ತನ್ನ ಕತ್ತಿಯನ್ನೂ ಎಸೆದು, ಸೋತವರ ಗತಿ ಇಷ್ಟೇ ಅಂದನಂತೆ. ಆಮೇಲೆ ಅವರು ಕಟ್ಟಿದ ಸುಮಾರು 11 ಕಿಲೋಮೀಟರ್ ಕಲ್ಲಿನ ಕೋಟೆಗೆ ಕಲ್ಲು ಬಂದಿದ್ದು ಹೆಚ್ಚಾಗಿ ಸೋತ ವೇಯಿಯ ಸೀಮೆಯಿಂದಲೇ. ಅದರ ತುಂಡೊಂದು ಇವತ್ತಿಗೂ ರೋಮ್‌ನ ಟರ್ಮಿನಿ ರೈಲ್ವೆ ನಿಲ್ದಾಣದ ಪಕ್ಕ ನಿಂತಿದೆ.

ನನ್ನ ಪ್ರಕಾರ ರೋಮ್‌ನ ನಿಜವಾದ ತಿರುವು ಯಾವ ಯುದ್ಧವೂ ಅಲ್ಲ. ಕ್ರಿ.ಪೂ. 338ರ ಒಂದು ಒಪ್ಪಂದ. ದಂಗೆ ಎದ್ದಿದ್ದ ನೆರೆಯ ಲ್ಯಾಟಿನ್ ಊರುಗಳನ್ನು ರೋಮ್ ಸೋಲಿಸಿತ್ತು. ಮಾಮೂಲಿಯಾಗಿ ಆಗಬೇಕಿದ್ದದ್ದು ಸುಡೋದು, ಮಾರೋದು. ಅದರ ಬದಲು ಊರೂರಿಗೆ ಬೇರೆ ಬೇರೆ ಲೆಕ್ಕ ಮಾಡಿದರು. ಕೆಲವು ಊರಿಗೆ ಪೂರ್ತಿ ಪೌರತ್ವ. ಕೆಲವಕ್ಕೆ ಮತ ಇಲ್ಲದ ಪೌರತ್ವ. ಉಳಿದವರು ಮಿತ್ರರು. ಮಿತ್ರರಿಂದ ಕಪ್ಪಕಾಣಿಕೆ ಬೇಡ, ಯುದ್ಧಕ್ಕೆ ಗಂಡಾಳು ಕೊಟ್ಟರೆ ಸಾಕು. ಇದು ಕರುಣೆ ಅಲ್ಲ, ಲೆಕ್ಕಾಚಾರ. ಬಹಳ ಬುದ್ಧಿವಂತ ಲೆಕ್ಕಾಚಾರ. ನಿನ್ನೆ ಎದುರು ನಿಂತವನು ಇವತ್ತು ಪಕ್ಕದಲ್ಲಿ ನಿಂತು ನಾಳಿನವನ ಮೇಲೆ ಯುದ್ಧಕ್ಕೆ ಹೋಗ್ತಾನೆ, ಗೆದ್ದರೆ ಲೂಟಿಯಲ್ಲಿ ಪಾಲು ತಗೊಳ್ತಾನೆ.

ಇದರ ಬಿಸಿ ತಟ್ಟಿದ್ದು ಗ್ರೀಕ್ ರಾಜ ಪಿರ್ರಸ್‌ಗೆ. ಆನೆಗಳ ಸಮೇತ ಬಂದು ಕ್ರಿ.ಪೂ. 280, 279ರಲ್ಲಿ ರೋಮನ್ನರನ್ನು ಎರಡು ಸಲ ಸೋಲಿಸಿದ. ಇನ್ನೊಂದು ಗೆಲುವು ಹೀಗೇ ಸಿಕ್ಕರೆ ನಾವು ಮುಗಿದ ಹಾಗೆ ಅಂದನಂತೆ. ಅವನ ಸತ್ತ ಸೈನಿಕರ ಜಾಗಕ್ಕೆ ಬೇರೆಯವರಿಲ್ಲ, ರೋಮ್‌ಗೆ ಬರ್ತಾನೇ ಇದ್ದಾರೆ. ಕ್ರಿ.ಪೂ. 225ರಲ್ಲಿ ರೋಮ್ ಮತ್ತು ಮಿತ್ರರ ಬಳಿ ಆಯುಧ ಹಿಡಿಯಬಲ್ಲವರು ಏಳು ಲಕ್ಷ ಕಾಲಾಳು, ಎಪ್ಪತ್ತು ಸಾವಿರ ಕುದುರೆ ಸವಾರರು ಅಂತ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಲೆಕ್ಕ ಕೊಡ್ತಾನೆ.

ಇನ್ನೊಂದು ವಿಷಯ ಗ್ರೀಕರಿಗೆ ನಂಬೋಕೇ ಆಗಲಿಲ್ಲ. ರೋಮನ್ ಪ್ರಜೆಯೊಬ್ಬ ತನ್ನ ಗುಲಾಮನನ್ನು ಕಾನೂನುಬದ್ಧವಾಗಿ ಬಿಡುಗಡೆ ಮಾಡಿದರೆ ಆ ಗುಲಾಮ ರೋಮನ್ ಪ್ರಜೆಯೇ ಆಗ್ತಿದ್ದ. ಮ್ಯಾಸಿಡೋನಿಯದ ರಾಜ ಐದನೇ ಫಿಲಿಪ್, ರೋಮ್‌ನ ಶತ್ರು, ತನ್ನ ಅಧೀನದ ಲಾರಿಸಾ ಊರಿಗೆ ಬರೆದ ಪತ್ರ ಕಲ್ಲಿನ ಮೇಲೆ ಉಳಿದಿದೆ. ರೋಮನ್ನರನ್ನ ನೋಡಿ, ಬಿಟ್ಟ ಗುಲಾಮರನ್ನೂ ಪ್ರಜೆ ಮಾಡ್ಕೊಂಡು ದೊಡ್ಡವರಾದರು, ನೀವೂ ಹೊಸಬರನ್ನ ಸೇರಿಸ್ಕೊಳ್ಳಿ ಅಂತ ಅದರ ಸಾರ. ಶತ್ರು ಕೊಟ್ಟ ಸರ್ಟಿಫಿಕೇಟ್ ಇದು.

ಹಾಗಂತ ರೋಮನ್ನು ಉದಾರಿ ಅಂತ ಕರೆಯೋಕೆ ನಾನು ತಯಾರಿಲ್ಲ. ರಕ್ತ ಕೊಟ್ಟ ಮಿತ್ರರು ಮತ ಕೇಳಿದಾಗ ಇಲ್ಲ ಅಂದಿತು. ಕ್ರಿ.ಪೂ. 91ರಲ್ಲಿ ಅವರೆಲ್ಲ ಕತ್ತಿ ಹಿಡಿದ ಮೇಲಷ್ಟೇ ಇಟಲಿಗೆ ಪೌರತ್ವ ಸಿಕ್ಕಿದ್ದು. ಬಾಗಿಲು ತೆರೆದಾಗಲೆಲ್ಲ ಒಳಗಿದ್ದವರು ಕೂಗಾಡಿದ್ದಾರೆ.

ಕ್ರಿ.ಶ. 48ರಲ್ಲೂ ಕೂಗಾಡಿದರು. ಗಾಲ್ ಪ್ರಾಂತ್ಯದ ಮುಖಂಡರು ನಮಗೂ ಸೆನೆಟ್‌ನಲ್ಲಿ ಜಾಗ ಕೊಡಿ ಅಂದರು. ಇವರ ತಾತ ಮುತ್ತಾತಂದಿರೇ ಅಲ್ವಾ ನಮ್ಮ ಊರು ಸೂರೆ ಹೊಡೆದಿದ್ದು ಅಂತ ಸೆನೆಟರ್‌ಗಳ ತಕರಾರು. ಆಗ ಚಕ್ರವರ್ತಿ ಕ್ಲಾಡಿಯಸ್ ಎದ್ದು ನಿಂತ. ಅವನು ಹುಟ್ಟಿದ್ದೇ ಗಾಲ್‌ನ ಲಿಯೋನ್ ನಗರದಲ್ಲಿ, ಅವನ ವಂಶದ ಮೂಲಪುರುಷ ಗುಳೆ ಬಂದ ಸೇಬೈನ್. ಆ ಹಳೇ ಕಥೆಗಳನ್ನೇ ಒಂದೊಂದಾಗಿ ಬಿಚ್ಚಿದ. ನಮ್ಮ ಎರಡನೇ ರಾಜ ನ್ಯೂಮಾ ಸೇಬೈನ್. ಐದನೇ ರಾಜ ಟಾರ್ಕ್ವಿನ್ ಗ್ರೀಕ್ ವಲಸಿಗನ ಮಗ. ಆರನೇ ರಾಜ ಸರ್ವಿಯಸ್ ದಾಸಿಯ ಮಗ ಅಂತಾರೆ. ಬೆಳಗ್ಗೆ ಶತ್ರುಗಳಾಗಿದ್ದವರನ್ನು ರೊಮ್ಯುಲಸ್ ಸಂಜೆಯೊಳಗೆ ಪ್ರಜೆ ಮಾಡಿಕೊಂಡ. ಸ್ಪಾರ್ಟಾ, ಅಥೆನ್ಸ್ ಹಾಳಾಗಿದ್ದು ಯಾಕೆ? ಗೆದ್ದವರನ್ನು ಪರಕೀಯರು ಅಂತ ಹೊರಗೇ ಇಟ್ಟಿದ್ದಕ್ಕೆ ತಾನೇ ಅಂತ ಕೇಳಿದ.

ಸೆನೆಟ್ ಒಪ್ಪಿತು. ಗಾಲ್‌ನ ಏಡುಯಿ ಕುಲದವರು ಮೊದಲು ಒಳಗೆ ಬಂದರು. ಆ ಭಾಷಣವನ್ನು ಲಿಯೋನ್‌ನವರು ಕಂಚಿನ ಫಲಕದ ಮೇಲೆ ಕೆತ್ತಿಸಿ ಇಟ್ಟುಕೊಂಡರು. 1528ರಲ್ಲಿ ಅದು ಮಣ್ಣಿನಿಂದ ಮೇಲೆ ಬಂತು, ಈಗಲೂ ಅದೇ ಊರಿನ ಮ್ಯೂಸಿಯಂನಲ್ಲಿದೆ.