ಕಡತದೊಳಗಿನ ಕನ್ನಡ

ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲೂಕುಗಳ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಬಸ್ತಾ ಕಟ್ಟಿ ಇರಿಸಿರುವುದುಂಟು. 1760ರಲ್ಲಿ ವಿಜಯಪುರವು ಪೇಶವೆಗಳ ಕೈಸೇರಿದ ತರುವಾಯ ದಫ್ತರದ ಬರವಣಿಗೆಯಲ್ಲಿ ಆ ಲಿಪಿಯು ಬೇರೂರಿತು. ಕಾಗದವು ಹರಿದಿಲ್ಲ, ಮಸಿಯು ಮಾಸಿಲ್ಲ. ಓದಬಲ್ಲವರೇ ವಿರಳರಾದುದರಿಂದ ಪತ್ರಗಳು ಮೂಕವಾಗಿವೆ. ಮೋಡಿಗೆ ಈ ಅವಸ್ಥೆ ಬರಲು ತಲೆಮಾರುಗಳು ಬೇಕಾದವು. ಗಣಕಯಂತ್ರದಲ್ಲಿ ಬರೆದಿಟ್ಟ ಕನ್ನಡಕ್ಕೆ ಕೆಲವೇ ವರ್ಷಗಳು ಸಾಕಾದವು.

ಗಣಕದ ಕಡತವೆಂಬುದು ಅಂಕೆಗಳ ಸಾಲೇ ಹೊರತು ಮತ್ತೇನೂ ಅಲ್ಲ. ಯಾವ ಅಂಕೆಯು ಅಕ್ಷರ, ಯಾವುದು ದಪ್ಪಕ್ಷರದ ಗುರುತು, ಯಾವುದು ಪುಟದ ಅಂಚು ಎಂಬ ಕಟ್ಟಳೆಗೆ ಕಡತದ ರೂಪವೆಂದು ಹೆಸರು. 1978ರ ವರ್ಡ್‌ಸ್ಟಾರ್ ತನ್ನದೊಂದು ಕಟ್ಟಳೆಯನ್ನು ಮಾಡಿಕೊಂಡಿತು. 1983ರಲ್ಲಿ ಬಂದ ಮೈಕ್ರೋಸಾಫ್ಟ್ ವರ್ಡ್ ಬೇರೊಂದನ್ನು. ಒಬ್ಬರ ಬೀಗಕ್ಕೆ ಇನ್ನೊಬ್ಬರ ಕೀಲಿಯು ಹತ್ತುತ್ತಿರಲಿಲ್ಲ.

ಕನ್ನಡಕ್ಕೆ ಇದರ ಮೇಲೆ ಮತ್ತೊಂದು ತೊಡಕು. ಆ ಕಾಲದ ಅಕ್ಷರಮಾದರಿಯಲ್ಲಿ ಇದ್ದ ಸ್ಥಾನಗಳು 256 ಮಾತ್ರ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಾದರೋ ಸಾವಿರಗಟ್ಟಲೆ. ಆದುದರಿಂದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ'ವೂ, ತರುವಾಯ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಈ ಬಗೆಯಲ್ಲಿಯೇ ನಾಡಿನ ಕಚೇರಿ, ಮುದ್ರಣಾಲಯಗಳನ್ನು ಹೊಕ್ಕವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಬೆರಳಿಗೆ ಸುಲಭವಾಗಿತ್ತು. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕಡತದಲ್ಲಿ ಉಳಿದುದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರ. ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ತೆರೆದೊಡನೆ ವೇಷವು ಕಳಚಿ, ಅರ್ಥವಿಲ್ಲದ ಇಂಗ್ಲಿಷ್ ಗೋಜಲು ಕಾಣುತ್ತಿತ್ತು.

ಪರಿಹಾರದ ಬೀಜವು ಮೊದಲೇ ಬಿದ್ದಿತ್ತು. ಆಕಾರವನ್ನಲ್ಲ, ಅಕ್ಷರವನ್ನೇ ಎಣಿಸಬೇಕೆಂಬ ತತ್ತ್ವದ ಮೇಲೆ ಭಾರತೀಯ ಲಿಪಿಗಳ 'ಇಸ್ಕಿ' ಮಾನಕವು 1991ರಲ್ಲಿ ನೆಲೆಗೊಂಡಿತು; ಅದೇ ವರ್ಷ ಯುನಿಕೋಡ್‌ನ ಮೊದಲ ಆವೃತ್ತಿಯೂ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ಮೀಸಲಾದುದು 128 ಸ್ಥಾನಗಳು. 'ಕ್ಕ' ಎಂಬುದು ಅಲ್ಲಿ ಕಕಾರ, ವಿರಾಮ, ಕಕಾರವೆಂದು ನಿಲ್ಲುವುದು. ಒತ್ತನ್ನು ಬರೆಯುವ ಹೊಣೆ ಯಂತ್ರದ್ದು. ವೈಯಾಕರಣರು ಇದನ್ನು ಕಂಡಿದ್ದರೆ ತಮ್ಮದೇ ಮತವೆಂದು ಹಿಗ್ಗುತ್ತಿದ್ದರು!

ಇತ್ತ ಕಡತದ ಹೊರಗವಸೂ ಬದಲಾಯಿತು. 2006ರಲ್ಲಿ ಓಪನ್ ಡಾಕ್ಯುಮೆಂಟ್ ರೂಪವು ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟ್‌ನ 'ಡಾಕ್ಸ್' ರೂಪಕ್ಕೂ 2008ರಲ್ಲಿ ಆ ಮನ್ನಣೆ ದೊರೆಯಿತು. ಎರಡೂ ಒಂದು ಬಗೆಯ ಬಸ್ತಾಗಳೇ. ಗಂಟು ಬಿಚ್ಚಿದರೆ ಒಳಗೆ ಮಾತು, ಚಿತ್ರ, ಶೈಲಿಗಳು ಬೇರೆಬೇರೆ ಹಾಳೆಗಳಾಗಿ ಓದಲು ಸಿಕ್ಕುವವು.

ಉಳಿದುದು ಹಳೆಯ ಕಡತಗಳ ಉದ್ಧಾರ. ಪರಿವರ್ತಕಗಳು ಇವೆಯಾದರೂ ಅರ್ಕಾವೊತ್ತು ಅವುಗಳನ್ನು ಕಾಡುತ್ತದೆ. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ಹಿಂದೆ ಬರುವುದು. ಯುನಿಕೋಡ್‌ನಲ್ಲಿ ಉಚ್ಚಾರದಂತೆ ಮುಂದೆ ಬರಬೇಕು. ಎಚ್ಚರ ತಪ್ಪಿದರೆ 'ಧರ್ಮ'ವು 'ಧಮರ್' ಆಗುವುದು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಹುಡುಕಿ ತಂದು, ತಿದ್ದಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಈಗ ಧಮರ್ ಕಂಡಲ್ಲೆಲ್ಲ ಧರ್ಮವೆಂದು ತಿದ್ದುವ ಕೈಗಳಿಗೂ ಅಂಥದೇ ಕೆಲಸ ಬಿದ್ದಿದೆ.